ಎಂಟನೆಯ ದಿನ

25,432. ಮೈಸೂರು ಸೀಮೆಯಲ್ಲಿ 1803–04ರಲ್ಲಿ ಒಬ್ಬ ಕ್ಯಾಥೋಲಿಕ್ ಪಾದ್ರಿಯ ಮುತುವರ್ಜಿಯಿಂದ ಸಿಡುಬಿನ ದಾಕು ಹಾಕಿಸಿಕೊಂಡು ಲೆಕ್ಕಕ್ಕೆ ಸೇರಿದವರ ಸಂಖ್ಯೆ ಇದು. ಪುಸ್ತಕದಲ್ಲಿ ಒಂದು ಸಾಲು, ಅಷ್ಟೆ. ನಾನು ಮಾತ್ರ ಅಲ್ಲೇ ನಿಂತುಬಿಟ್ಟೆ. ಪೆನ್ಸಿಲು ತಗೊಂಡು ಭಾಗಿಸಿದೆ. ಎರಡು ವರ್ಷ, ಮಳೆ ಬಿಸಿಲು ಹಬ್ಬ ಹರಿದಿನ ಒಂದನ್ನೂ ಬಿಡದೆ ಹಾಕಿದರೂ ದಿನಕ್ಕೆ 34 ತೋಳುಗಳಿಗಿಂತ ಹೆಚ್ಚು.

ಈ ಲೆಕ್ಕದ ಭಾರ ನನಗೆ ಗೊತ್ತು. 1971ರಿಂದ ಐದಾರು ವರ್ಷ ಹಾಸನದ ಆಸುಪಾಸಿನ ಹಳ್ಳಿಗಳಲ್ಲಿ ನಾನೂ ದಾಕು ಹಾಕಿದವನು. ಸರ್ಕಾರದ ಸೈಕಲ್ಲು, ಹೆಗಲಿಗೆ ಚೀಲ, ತುದಿ ಕವಲೊಡೆದ ಸೂಜಿ. ತೋಳಿನ ಮೇಲೆ ಹದಿನೈದು ಸಲ ಚುಚ್ಚಬೇಕು. ಜಾತ್ರೆಯ ದಿನ ಸಿಕ್ಕರೆ ಇನ್ನೂರು ಜನ, ಇಲ್ಲದಿದ್ದರೆ ಸಂಜೆಯವರೆಗೆ ಅಲೆದರೂ ನಾಲ್ಕು. ಒಂದೂರಲ್ಲಿ ಮಗುವಿಗೆ ಸೀತಾಳೆ ಎದ್ದಿತ್ತು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದ್ದ ಅಜ್ಜಿ ನನ್ನನ್ನು ಹೊಸ್ತಿಲಲ್ಲೇ ತಡೆದು, "ಅಮ್ಮ ಮನೇಲವ್ಳೆ ಕಣಪ್ಪ, ಈಗ ಸೂಜಿ ಗೀಜಿ ತರಬ್ಯಾಡ" ಅಂದರು. ನಾನು ಮಜ್ಜಿಗೆ ಕುಡಿದು ಬಂದೆ. ಅಮ್ಮನನ್ನು ಕಳಿಸಿಕೊಟ್ಟ ಮೇಲೆ ಮತ್ತೆ ಹೋದೆ. ಮೂರನೆಯ ಸಲಕ್ಕೆ ಆ ಅಜ್ಜಿಯೇ ಬೀದಿಯ ಮಕ್ಕಳನ್ನೆಲ್ಲ ಕೂಗಿ ಕರೆದರು.

ಆ ಪಾದ್ರಿಯ ಹೆಸರು ಜಾನ್ ಆಂತ್ವಾನ್ ದುಬ್ವಾ. ನಮ್ಮವರು ಓದಿದ್ದು ಅಬ್ಬೆ ದುಬೋಯಿ ಎಂದು, ಅವರ ಕಾಲದ ಜನ ಕರೆದದ್ದು ದೊಡ್ಡ ಸ್ವಾಮಿಯವರು ಎಂದು. ಫ್ರಾನ್ಸಿನ ಆರ್ದೆಶ್ ಪ್ರಾಂತದವರು. ಗುರುದೀಕ್ಷೆ ಪಡೆದ 1792ರಲ್ಲೇ, ಅಲ್ಲಿ ಕ್ರಾಂತಿ ಹೊತ್ತಿ ಉರಿಯುತ್ತಿದ್ದಾಗ, ಪ್ಯಾರಿಸ್ ಮಿಷನ್ನಿನ ಗುರುವಾಗಿ ಹಿಂದೂಸ್ಥಾನಕ್ಕೆ ಹೊರಟರು. ಮೊದಲು ತಮಿಳು ಸೀಮೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು.

ಅವರಿಗೆ ಸಿಕ್ಕ ಧರ್ಮಕೇಂದ್ರವೆಂದರೆ ಚೆದುರಿಹೋದ ಜನ. ಈ ಸೀಮೆಯಲ್ಲಿ ಹದಿನೇಳನೆಯ ಶತಮಾನದಿಂದ ಯೇಸುಸಭೆಯ ಗುರುಗಳು ಕಟ್ಟಿಕೊಂಡು ಬಂದಿದ್ದ ಕ್ರೈಸ್ತ ಹಟ್ಟಿಗಳಿದ್ದವು. 1773ರಲ್ಲಿ ಪೋಪರು ಆ ಸಭೆಯನ್ನೇ ರದ್ದು ಮಾಡಿದಾಗ ಕುರಿಗಳಿಗೆ ಕುರುಬರಿಲ್ಲದಂತಾಯಿತು. ಆಮೇಲೆ ಯುದ್ಧಗಳು, ಸೆರೆ, ಟಿಪ್ಪುವಿನ ಕಾಲದ ಬಲವಂತದ ಮತಾಂತರ. ಸೆರೆಯಿಂದ ಹೊರಬಂದವರಿಗೆ ಊರೂ ಇಲ್ಲ, ನೆಲವೂ ಇಲ್ಲ. ಅವರನ್ನು ಮತ್ತೆ ಬಲಿಪೂಜೆಗೆ ಸೇರಿಸಿಕೊಳ್ಳುವುದು ಒಂದು ಕೆಲಸ, ಅವರ ಕೈಗೆ ನೇಗಿಲು ಕೊಡುವುದು ಇನ್ನೊಂದು. ದುಬೋಯಿ ಎರಡನ್ನೂ ಮಾಡಿದರು. ಹಾಸನದ ಬಳಿ ಕ್ರೈಸ್ತ ಒಕ್ಕಲುಗಳನ್ನು ನೆಲೆನಿಲ್ಲಿಸಿದರು. ನಾನು ಸೈಕಲ್ಲು ತುಳಿದ ಆ ಊರುಗಳ ಹೊಲಗಳಲ್ಲಿ ರಾಗಿ ಬೆಳೆಯುತ್ತಿತ್ತು, ಸಂಜೆ ಗುಡಿಯ ಗಂಟೆಯ ಜೊತೆಗೆ ಇಗರ್ಜಿಯ ಗಂಟೆಯೂ ಕೇಳುತ್ತಿತ್ತು. ಇದು ಯಾರು ಹಾಕಿದ ಪಾಯವೆಂದು ಆಗ ನನಗೆ ತಿಳಿದಿರಲಿಲ್ಲ.

ಅವರು ಇಲ್ಲಿಯವರಂತೆಯೇ ಉಟ್ಟರು, ರುಮಾಲು ಸುತ್ತಿದರು, ಇಲ್ಲಿನ ಊಟ ಮಾಡಿದರು. ಮನೆಯೊಳಗೆ ಬಿಟ್ಟುಕೊಳ್ಳುವಂಥ ಮನುಷ್ಯನಾದರು. ಇಲ್ಲದಿದ್ದರೆ ದಾಕು ಹಾಕುವುದು ಆಗದ ಮಾತು. ಆ ಕಾಲದ ದಾಕು ನಮ್ಮದರ ಹಾಗೆ ಪುಡಿಯಾಗಿ ಗಾಜಿನ ಕೊಳವೆಯಲ್ಲಿ ಬರುತ್ತಿರಲಿಲ್ಲ. ತೋಳಿನಿಂದ ತೋಳಿಗೆ ದಾಟುತ್ತಿತ್ತು. ಒಂದು ಮಗುವಿಗೆ ಹಾಕಿ, ಎಂಟನೆಯ ದಿನ ಗುಳ್ಳೆ ತುಂಬಿಕೊಂಡಾಗ ಅದರ ನೀರು ತೆಗೆದು ಮುಂದಿನ ಮಗುವಿಗೆ ಹಾಕಬೇಕು. 1802ರ ಜೂನ್ 14ರಂದು ಮುಂಬಯಿಯಲ್ಲಿ ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಹುಡುಗಿಯ ತೋಳಿಗೆ ಈ ದೇಶದ ಮೊದಲ ದಾಕು ಹಾಕಿದರು. ಅಲ್ಲಿಂದ ಅದು ಹೀಗೇ ಮಕ್ಕಳ ತೋಳುಗಳ ಮೇಲೆ ಪಯಣ ಮಾಡಿತು. ಸರಪಳಿಯ ಒಂದು ಕೊಂಡಿ ಕಳಚಿದರೂ ಆ ದಾರಿ ಅಲ್ಲಿಗೇ ಮುಗಿಯಿತು.

ಆ ಸರಪಳಿ ನಮ್ಮ ಹಳ್ಳಿಯಲ್ಲಿ ಹಾದುಹೋಗಬೇಕಾದರೆ ಏನಾಗಬೇಕು, ಯೋಚಿಸಿ. ಈ ಕೇರಿಯ ಮಗುವಿನ ಮೈಯಿಂದ ತೆಗೆದದ್ದನ್ನು ಆ ಕೇರಿಯ ಮಗುವಿನ ಮೈಗೆ ಸೇರಿಸಬೇಕು. ಮುಟ್ಟಿಸಿಕೊಳ್ಳದವರ ನಡುವೆ ಇದು ಮುಟ್ಟುವುದಕ್ಕಿಂತ ದೊಡ್ಡದು. ಜೊತೆಗೆ, ಅಮ್ಮ ಬರುವ ಮೊದಲೇ ಅವಳನ್ನು ತಡೆಯುತ್ತೇನೆ ಎನ್ನುವ ಪರದೇಶಿ. ಕಂಪನಿ ಸರ್ಕಾರದ ಬೆಂಬಲವಿತ್ತು, ಮೈಸೂರಿನ ಅರಮನೆಯೂ ದಾಕಿನ ಪರವಾಗಿತ್ತು. ಆದರೆ ತಾಯಿ ತನ್ನ ಮಗುವನ್ನು ಮಡಿಲಿಂದ ಕೊಡುವುದು ಸರ್ಕಾರದ ಮುಖ ನೋಡಿ ಅಲ್ಲ, ಎದುರಿಗೆ ಕೂತವನ ಮುಖ ನೋಡಿ. ಇದನ್ನು ನಾನು ಹೊಸ್ತಿಲುಗಳಲ್ಲಿ ನಿಂತು ಕಲಿತಿದ್ದೇನೆ.

ಜಗತ್ತು ದುಬೋಯಿಯನ್ನು ನೆನೆಯುವುದು ಅವರು ಹಿಂದೂಗಳ ಆಚಾರವಿಚಾರದ ಬಗ್ಗೆ ಬರೆದ ದೊಡ್ಡ ಪುಸ್ತಕದಿಂದ. ಕಂಪನಿ ಅದರ ಹಸ್ತಪ್ರತಿಯನ್ನು 2,000 ವರಹಕ್ಕೆ ಕೊಂಡಿತು, 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿತು. ಅದರಲ್ಲಿ ಬಹುಪಾಲು ಅವರಿಗಿಂತ ಮೊದಲಿನ ಯೇಸುಸಭೆಯ ಗುರು ಕೂರ್ದು ಬರೆದಿಟ್ಟದ್ದೆಂದು ಸಿಲ್ವಿಯಾ ಮೂರ್ ಎಂಬ ವಿದ್ವಾಂಸೆ 1987ರಲ್ಲಿ ತೋರಿಸಿಕೊಟ್ಟರು. ಇನ್ನೊಬ್ಬರ ದುಡಿಮೆಗೆ ಹೆಸರು ಹೇಳದೆ ಹೋದದ್ದು ತಪ್ಪೇ. ನಮ್ಮ ಜನರ ಮೇಲೆ ಆ ಪುಟಗಳಲ್ಲಿರುವ ಎಷ್ಟೋ ಕಟು ಮಾತುಗಳನ್ನೂ ನಾನು ಒಪ್ಪಲಾರೆ.

ಗುರುವಾಗಿ ಅವರ ಲೆಕ್ಕವೂ ಸಣ್ಣದು. ಕಾಲು ಶತಮಾನ ದುಡಿದು ಹೊಸದಾಗಿ ಕ್ರೈಸ್ತರಾದವರು ಇನ್ನೂರು ಮುನ್ನೂರು ಮಂದಿ ಎಂದು ಅವರೇ ಬರೆದುಕೊಂಡರು. ಹಿಂದೂಗಳನ್ನು ಮತಾಂತರಿಸುವ ಆಸೆಯೇ ವ್ಯರ್ಥವೆಂದು 1823ರಲ್ಲಿ ಪ್ರಕಟವಾದ ಪತ್ರಗಳಲ್ಲಿ ಬಹಿರಂಗವಾಗಿ ಹೇಳಿದರು. ಅದೇ ವರ್ಷ ಹಡಗು ಹತ್ತಿದವರು ಮತ್ತೆ ಬರಲಿಲ್ಲ. ಪ್ಯಾರಿಸ್ಸಿನಲ್ಲಿ ತಮ್ಮ ಮಿಷನ್ನಿನ ಗುರುಮಠಕ್ಕೆ ಕೆಲಕಾಲ ಹಿರಿಯರಾಗಿದ್ದು, 1848ರಲ್ಲಿ ತೀರಿಕೊಂಡರು.

ಕಳೆದ ವರ್ಷ ಶ್ರೀರಂಗಪಟ್ಟಣದ ಗಂಜಾಮಿಗೆ ಹೋಗಿದ್ದೆ. ಅಲ್ಲಿನ ಇಗರ್ಜಿಯನ್ನು ಜನ ಇವತ್ತಿಗೂ ಅಬ್ಬೆ ದುಬೋಯಿ ಚರ್ಚು ಅನ್ನುತ್ತಾರೆ. ಮೆಟ್ಟಿಲ ಮೇಲೆ ಕೂತಾಗ ನನ್ನ ಹಳೆಯ ರಿಜಿಸ್ಟರು ನೆನಪಾಯಿತು. ಹೆಸರು, ತಂದೆಯ ಹೆಸರು, ವಯಸ್ಸು. ಕೊನೆಯ ಕಲಮಿನಲ್ಲಿ 'ಎದ್ದಿದೆ' ಅಥವಾ 'ಎದ್ದಿಲ್ಲ'. ಮೊದಲ ದಿನ ಆ ಕಲಮು ಖಾಲಿ. ವಾರ ಕಳೆದು ಅದೇ ಮನೆಗೆ ಹೋಗಿ, ಅದೇ ಮಗುವಿನ ಅಂಗಿ ಸರಿಸಿ ನೋಡಿದ ಮೇಲೆಯೇ ತುಂಬುವುದು. ಚುಚ್ಚಿ ಬಂದವನು ಅರ್ಧ ಕೆಲಸ ಮಾಡಿದವನು. ಊರ ಪಾದ್ರಿಯ ಬದುಕೂ ಹಾಗೆಯೇ: ನಾಮಕರಣಕ್ಕೆ ಹೋದ ಮನೆಗೇ ಮದುವೆಗೆ ಹೋಗಬೇಕು, ಮಣ್ಣಿಗೂ ಹೋಗಬೇಕು. ದೊಡ್ಡ ಸ್ವಾಮಿಯವರು ತಾವು ಸೋತೆವೆಂದು ಬರೆದಿಟ್ಟು ಹೋದರು. ಆ 25,432ರ ಹಿಂದೆ ಎಷ್ಟು ಎಂಟನೆಯ ದಿನಗಳಿದ್ದವೆಂದು ಬಲ್ಲ ನಾನು, ಆ ಮಾತನ್ನು ನಂಬುವುದಿಲ್ಲ.