ರುಚಿ ನೋಡಿದವರು ಯಾರು ಮಾರಾಯ್ರೆ?

ಆಟಿ ತಿಂಗಳು ಬಂತು ಅಂದ್ರೆ ನಮ್ಮ ಉಡುಪಿ, ಕಾಪು, ಕಾರ್ಕಳದ ಕಡೆ ಮಹಿಳಾ ಮಂಡಲ, ಯುವಕ ಮಂಡಲದವರದ್ದೆಲ್ಲ "ಆಟಿಡೊಂಜಿ ದಿನ" ಶುರು. ಅದರಲ್ಲಿ ಒಂದು ಅಡಿಗೆ ಸ್ಪರ್ಧೆ ಇಲ್ಲದಿದ್ರೆ ಹೇಗೆ? ಇಟ್ಟದ್ದು ಪತ್ರೊಡೆಯಾಗ್ಲಿ, ಕಣಿಲೆ ಗಸಿಯಾಗ್ಲಿ, ಗೆರಟೆ ಕೆಂಡದಲ್ಲಿ ಸುಟ್ಟ ಬಂಗುಡೆ, ಕೋಳಿಯ ಬಾರ್ಬೆಕ್ಯೂ ಆಗ್ಲಿ, ಬಹುಮಾನ ಹೇಳಿ ಮೈಕ್ ಕೆಳಗಿಡುವ ಮೊದಲೇ ಹಿಂದಿನ ಸಾಲಿನಿಂದ ಬರುವ ಪ್ರಶ್ನೆ ಒಂದೇ: "ಜಡ್ಜ್ ಯಾರಂತೆ?"

ಇದು ಬರೀ ಹೊಟ್ಟೆಕಿಚ್ಚಿನ ಮಾತಲ್ಲ. ಮನೆಯಲ್ಲೇ ಅಡಿಗೆ ಮಾಡಿ ಮಾರುವವರಿಗೆ ಮೊದಲ ಬಹುಮಾನ ಅಂದ್ರೆ ನಾಲ್ಕು ಸೀಮಂತದ ಆರ್ಡರು, ಎರಡು ಒಕ್ಕಲಿನ ಊಟ. ಬಹುಮಾನ ಸಿಗದವರು "ಅವಳ ಅತ್ತಿಗೆಯೇ ಅಂತೆ ಜಡ್ಜ್" ಅಂತ ಹೇಳಿದ್ರೆ, ಗೆದ್ದವಳ ಕೈರುಚಿಗೂ ಕಳಂಕ, ಅತ್ತಿಗೆಯ ನಾಲಗೆಗೂ ಕಳಂಕ. ಮರುವರ್ಷ ನಿಜವಾಗಿ ರುಚಿ ಗೊತ್ತಿರುವವರನ್ನು ಕರೆದ್ರೆ, "ನನ್ಗೆ ಬೇಡ ಮಾರಾಯ್ತಿ, ನಾಳೆ ಮದುವೆ ಮನೆಯಲ್ಲಿ ಅವಳ ಮುಖ ಕಾಣ್ಲಿಕ್ಕಿಲ್ವಾ?" ಅಂತಾರೆ. ಹಾಗಾದ್ರೆ ಜಡ್ಜ್‌ಗಳ ಹೆಸರು ಮುಚ್ಚಿಡುದಾ, ಹೇಳುದಾ? ಹಿಂದಿನವರು ಎಂತ ಮಾಡಿದ್ದಾರೆ ನೋಡುವ.

ಮೊದಲು ನಮ್ಮ ಕಂಬಳ. ಕಾರ್ಕಳದ ಮಿಯಾರಿಗೆ ಹೋಗಿ, ಕಾಪು ತಾಲೂಕಿನ ಕಟಪಾಡಿಗೆ ಹೋಗಿ, ತೀರ್ಪುಗಾರರು ಎಲ್ಲರ ಕಣ್ಣೆದುರೇ ಇರ್ತಾರೆ. ಗುಟ್ಟು ಎಂತದೂ ಇಲ್ಲ. ಯಾಕೆ? ನೋಡಬೇಕಾದ್ದನ್ನು ಊರಿಡೀ ನೋಡ್ತದೆ. ಕನೆಹಲಗೆಯಲ್ಲಿ ನೀರು ಎಷ್ಟು ಎತ್ತರ ಹಾರಿತು ಅಂತ ಹೇಳ್ಲಿಕ್ಕೆ ಮೇಲೆ ನಿಶಾನೆ ಕಟ್ಟಿರ್ತಾರೆ. ಆರೂವರೆ ಕೋಲಿನ ನಿಶಾನೆಗೆ ನೀರು ತಾಗಿದ್ರೆ ತಾಗಿತು, ಇಲ್ಲದಿದ್ರೆ ಇಲ್ಲ. ಓಟಕ್ಕೆ ಈಗ ಲೇಸರ್ ಗಡಿಯಾರವೂ ಬಂದಿದೆ. 2020ರ ಫೆಬ್ರವರಿ 1ರಂದು ಐಕಳದಲ್ಲಿ ಶ್ರೀನಿವಾಸ ಗೌಡರು 142.50 ಮೀಟರನ್ನು 13.62 ಸೆಕೆಂಡಲ್ಲಿ ಓಡಿದ್ದು ಪ್ರಪಂಚಕ್ಕೆಲ್ಲ ಸುದ್ದಿಯಾಯ್ತಲ್ಲ, ಆಗ "ತೀರ್ಪುಗಾರರು ಯಾರ ನೆಂಟರು" ಅಂತ ಕೇಳಿ ಆಗುದೆಂತ? ಗಡಿಯಾರಕ್ಕೆ ಅತ್ತಿಗೆ ಇಲ್ಲ.

ರುಚಿಗೆ ನಿಶಾನೆ ಕಟ್ಲಿಕ್ಕೆ ಆಗುದಿಲ್ಲ. ಈ ಕಷ್ಟ ಅಮೆರಿಕದ ಬಾರ್ಬೆಕ್ಯೂನವರಿಗೂ ಬಂದಿತ್ತು. ಅಲ್ಲಿ ಎರಡು ದಾರಿ ಹುಟ್ಟಿದವು. ಮೆಂಫಿಸ್ ಊರಲ್ಲಿ 1978ರಿಂದ ನಡೆಯುವ ಸ್ಪರ್ಧೆಯಲ್ಲಿ ಜಡ್ಜ್‌ಗಳು ತಂಡದ ಚಪ್ಪರಕ್ಕೇ ಹೋಗ್ತಾರೆ. ಅಡಿಗೆಯವರು ಎದುರು ನಿಂತು "ಹೀಗೆ ಮಸಾಲೆ ಹಚ್ಚಿದೆವು, ಇಷ್ಟು ಹೊತ್ತು ಹೊಗೆ ಕೊಟ್ಟೆವು" ಅಂತ ವಿವರಿಸಿ ಬಡಿಸ್ತಾರೆ. ಅದರ ಜೊತೆಗೆ ಹೆಸರಿಲ್ಲದ ಡಬ್ಬಿಯ ಪರೀಕ್ಷೆಯೂ ಉಂಟು. ಕಾನ್ಸಾಸ್ ಸಿಟಿ ಬಾರ್ಬೆಕ್ಯೂ ಸೊಸೈಟಿಯವರದ್ದು ಬೇರೆ ಕ್ರಮ. ಎಲ್ಲರದ್ದೂ ಒಂದೇ ನಮೂನೆಯ ಡಬ್ಬಿ, ಹೆಸರಿಲ್ಲ, ಬರೀ ನಂಬ್ರ. ಅಲಂಕಾರಕ್ಕೆ ಇಡುವ ಸೊಪ್ಪು ಕೂಡ ಯಾವುದು ಅಂತ ನಿಯಮ ಉಂಟು. ಗುರುತು ಮಾಡಿದ್ದು ಕಂಡ್ರೆ ಡಬ್ಬಿ ಹೊರಗೆ. ಒಂದು ಮೇಜಿಗೆ ತರಬೇತಿ ಆದ ಆರು ಜನ. ನೋಟ, ರುಚಿ, ಮಾಂಸದ ಹದ, ಮೂರಕ್ಕೂ ಅಂಕ. ಆರರಲ್ಲಿ ತೀರಾ ಕಡಿಮೆ ಅಂಕ ತೆಗೆದುಬಿಡ್ತಾರೆ. ಒಬ್ಬರಿಗೆ ಹಗೆ ಇದ್ರೂ ಅದು ನಡೆಯುದಿಲ್ಲ ಅಂತ ಲೆಕ್ಕ. ತೀರ್ಪು ಮುಗಿಯುವ ತನಕ ಜಡ್ಜ್ ಆದವರು ತಂಡದವರ ಹತ್ರ ಪಟ್ಟಾಂಗ ಹೊಡೆಯುವ ಹಾಗೂ ಇಲ್ಲ.

ಇಲ್ಲಿ ಒಂದು ವಿಷಯ ಗಮನಿಸಿ. ಅವರು ಅಡಗಿಸಿದ್ದು ಅಡಿಗೆಯವರ ಹೆಸರನ್ನು, ಜಡ್ಜ್‌ಗಳದ್ದಲ್ಲ. ಇವೆರಡೂ ಬೇರೆ ಬೇರೆ ಗುಟ್ಟು. ನಾವು ಮಾತಾಡುವಾಗ ಎರಡನ್ನೂ ಕಲಸಿಬಿಡ್ತೇವೆ.

ಜಡ್ಜ್‌ಗಳ ಹೆಸರು ರಟ್ಟಾದ್ರೆ ಎಂತ ಆಗ್ತದೆ ಅಂತ ತಿಳೀಲಿಕ್ಕೆ ಪ್ಯಾರಿಸಿನ ಕತೆ ಸಾಕು. 1976ರ ಮೇ 24ರಂದು ಸ್ಟೀವನ್ ಸ್ಪರಿಯರ್ ಅಂತ ಒಬ್ಬ ವೈನ್ ವ್ಯಾಪಾರಿ ಬಾಟಲಿಯ ಗುರುತು ಮುಚ್ಚಿ, ಫ್ರಾನ್ಸಿನ ಮತ್ತು ಕ್ಯಾಲಿಫೋರ್ನಿಯಾದ ವೈನ್‌ಗಳನ್ನು ರುಚಿ ನೋಡ್ಲಿಕ್ಕೆ ಕೊಟ್ಟ. ಒಂಬತ್ತು ಜನ ಫ್ರೆಂಚ್ ತೀರ್ಪುಗಾರರು, ಎಲ್ಲರೂ ಹೆಸರುವಾಸಿ. ಗೆದ್ದದ್ದು ಕೆಂಪಿನಲ್ಲೂ ಬಿಳಿಯಲ್ಲೂ ಕ್ಯಾಲಿಫೋರ್ನಿಯಾ! ಒಡೆಟ್ ಕಾನ್ ಎನ್ನುವ ತೀರ್ಪುಗಾರ್ತಿ ತನ್ನ ಅಂಕದ ಹಾಳೆ ವಾಪಸ್ ಕೊಡಿ ಅಂತ ಕೇಳಿದ್ರಂತೆ. ಹೆಸರು ಹೊರಗೆ ಬಂದ ಸಂಕಟ ಅದು. ಆದ್ರೆ ಇಂದಿಗೂ ಆ ಫಲಿತಾಂಶಕ್ಕೆ ತೂಕ ಇರುದು ಅದೇ ಹೆಸರುಗಳಿಂದ. ರುಚಿ ನೋಡಿದವರು ಯಾರೋ ಏನೋ ಅಂತ ಇದ್ದಿದ್ರೆ ಫ್ರಾನ್ಸಿನವರು ಒಂದೇ ಮಾತಲ್ಲಿ ತಳ್ಳಿಹಾಕ್ತಿದ್ರು.

ಪೂರ್ತಿ ಗುಟ್ಟಿನ ದಾರಿಯೂ ಫ್ರಾನ್ಸಿನದ್ದೇ. ಮಿಶೆಲಿನ್ ಟಯರ್ ಕಂಪನಿ 1926ರಿಂದ ಹೋಟೆಲುಗಳಿಗೆ ನಕ್ಷತ್ರ ಕೊಡ್ತಾ ಬಂದಿದೆ. ಅದರ ಪರಿಶೀಲಕರು ಸಾಮಾನ್ಯ ಗಿರಾಕಿಯ ಹಾಗೆ ಬಂದು, ಉಂಡು, ಬಿಲ್ಲು ಕೊಟ್ಟು ಹೋಗ್ತಾರೆ. ಇದರಿಂದ ಎಲ್ಲರಿಗೂ ಬಡಿಸುವ ಊಟವೇ ಅವರ ಎಲೆಗೂ ಬೀಳ್ತದೆ, ಒಳ್ಳೆಯದೇ. ಆದ್ರೆ 2004ರಲ್ಲಿ ಪಾಸ್ಕಲ್ ರೆಮಿ ಅಂತ ಅದೇ ಕೆಲಸದಲ್ಲಿದ್ದವರು ಪುಸ್ತಕ ಬರೆದು, ಪರಿಶೀಲಕರೇ ಸಾಕಷ್ಟಿಲ್ಲ, ಪ್ರತಿ ವರ್ಷ ಎಲ್ಲ ಕಡೆ ಹೋಗುದೂ ಇಲ್ಲ ಅಂದ್ರು. ಕಂಪನಿ ಅಲ್ಲ ಅಂತು. ಯಾರ ಮಾತು ಸರಿ ಅಂತ ಹೊರಗಿನವರು ನೋಡುದು ಹೇಗೆ? ಗುಟ್ಟು ಜಾಸ್ತಿಯಾದ್ರೆ ನಂಬುದೊಂದೇ ಬಾಕಿ.

ಇದರ ಉಲ್ಟಾ ನಮ್ಮ ಮಣಿಪಾಲದಲ್ಲೇ ಹೋಟೆಲ್ ಮ್ಯಾನೇಜ್‌ಮೆಂಟ್ ಕಲಿತ ವಿಕಾಸ್ ಖನ್ನಾ. ಮಾಸ್ಟರ್‌ಶೆಫ್ ಇಂಡಿಯಾದಲ್ಲಿ ಅವರು ಜಡ್ಜ್. ಮುಖ, ಹೆಸರು, ಮಾತು ಎಲ್ಲ ಬಹಿರಂಗ. ಅದು ಟಿವಿಗೆ ಸರಿ. ಸ್ಪರ್ಧೆಯವರು ಅವರ ಪಕ್ಕದ ಮನೆಯವರಲ್ಲ ನೋಡಿ.

ಇನ್ನು ಒಂದು ವಾದ ಉಂಟು. 2011ರಲ್ಲಿ ಸುಪ್ರೀಂ ಕೋರ್ಟು ಸಿಬಿಎಸ್‌ಇ ಪ್ರಕರಣದಲ್ಲಿ, ಮಕ್ಕಳು ತಮ್ಮ ಉತ್ತರ ಪತ್ರಿಕೆ ನೋಡ್ಬಹುದು, ಆದ್ರೆ ತಿದ್ದಿದವರ ಹೆಸರು, ಸಹಿ ಕೊಡ್ಬೇಕಂತಿಲ್ಲ, ಅವರಿಗೆ ತೊಂದರೆ ಆದೀತು ಅಂತ ಹೇಳಿದೆ. ಹಾಗಾದ್ರೆ ಅಡಿಗೆ ಜಡ್ಜ್‌ಗೂ ಅದೇ ರಕ್ಷೆ ಬೇಡ್ವಾ ಅಂತ ಕೇಳ್ಬಹುದು. ನನ್ಗೆ ಕಾಣುವ ವ್ಯತ್ಯಾಸ ಇದು: ಉತ್ತರ ಪತ್ರಿಕೆ ಉಳೀತದೆ, ತಿದ್ದಿದವರು ಯಾರಾದ್ರೂ ಇನ್ನೊಬ್ಬರು ತೆಗೆದು ನೋಡ್ಬಹುದು. ಕಂಬಳದ ನೀರು ಹಾರಿದ್ದನ್ನು ಸಾವಿರ ಜನ ಕಂಡಿದ್ದಾರೆ. ಅಡಿಗೆ ಹಾಗಲ್ಲ. ಉಂಡ ಮೇಲೆ ಸಾಕ್ಷಿ ಹೊಟ್ಟೆಯೊಳಗೆ. ಉಳಿಯುದು ರುಚಿ ನೋಡಿದವರ ಮಾತೊಂದೇ. ಆ ಮಾತು ಯಾರದ್ದು ಅಂತಲೇ ಗೊತ್ತಿಲ್ಲದಿದ್ರೆ ಬಹುಮಾನ ಯಾವ ಕಾಲ ಮೇಲೆ ನಿಲ್ಲುದು?

ಮೇಲಾಗಿ ನಮ್ಮ ಊರಲ್ಲಿ ಗುಟ್ಟು ಬಾಳುದಿಲ್ಲ. ಡಬ್ಬಿಗೆ ನಂಬ್ರ ಹಾಕಿದ್ರೂ ಹುರಿದ ಮಸಾಲೆಯ ಪರಿಮಳವೇ ಯಾರ ಮನೆಯದ್ದು ಅಂತ ಹೇಳ್ತದೆ. ಜಡ್ಜ್ ಯಾರು ಅಂತ ಕಾಪು ಪೇಟೆಗೆ ಸಂಜೆಯೊಳಗೆ ಗೊತ್ತಾಗ್ತದೆ. ಗಾಳಿಸುದ್ದಿಯಲ್ಲಿ ಗೊತ್ತಾಗುದಕ್ಕಿಂತ ಮೈಕಲ್ಲಿ ಹೇಳುದೇ ಮರ್ಯಾದೆ.

ಹಾಗಾಗಿ ಹೆಸರು ಹೇಳ್ಬೇಕು, ಆದ್ರೆ ಹೊತ್ತು ನೋಡಿ ಹೇಳ್ಬೇಕು. ಸ್ಪರ್ಧೆಗೆ ಮೊದಲು ಯಾರಿಗೂ ಬೇಡ. ಇಲ್ಲದಿದ್ರೆ ಹಿಂದಿನ ದಿನವೇ ಹಲಸಿನ ಹಪ್ಪಳದ ಕಟ್ಟು ಅವರ ಮನೆ ತಲುಪ್ತದೆ. ಕಾಪುವಿನ ಸ್ಪರ್ಧೆಗೆ ಕಾರ್ಕಳದವರು, ಕಾರ್ಕಳಕ್ಕೆ ಉಡುಪಿಯವರು ಬರ್ಲಿ. ಒಬ್ಬರಲ್ಲ, ಐದು ಜನ. ತಮ್ಮವರು ಸ್ಪರ್ಧೆಯಲ್ಲಿದ್ರೆ ಮೊದಲೇ ಹೇಳಿ ಎದ್ದು ಹೋಗ್ಲಿ. ಡಬ್ಬಿ ಎಲ್ಲ ಒಂದೇ ನಮೂನೆ ಇರ್ಲಿ. ಬಹುಮಾನ ಹೇಳುವಾಗ ಐದೂ ಜನರನ್ನು ವೇದಿಕೆಗೆ ಕರೆದು ಹೆಸರು ಹೇಳಿ. ಅಂಕದ ಹಾಳೆಯನ್ನು, ಯಾವುದು ಯಾರದ್ದು ಅಂತ ಬರೆಯದೆ, ಅಡಿಗೆ ಮಾಡಿದವರ ಕೈಗೆ ಕೊಡಿ. "ಉಪ್ಪು ಒಂದು ಚೂರು ಮುಂದೆ, ಕೆಂಡ ಬೇಗ ಹಾಕಿದ್ದೀರಿ" ಅಂತ ಎರಡು ಸಾಲು ಇದ್ರೆ ಸೋತವರಿಗೂ ಮನೆಗೆ ಕೊಂಡುಹೋಗ್ಲಿಕ್ಕೆ ಎಂತದಾದ್ರೂ ಸಿಕ್ಕಿತು. ಮದುವೆ ಮನೆಯಲ್ಲಿ ಮುಖ ಕಾಣುದೂ ಆಗ ಅಷ್ಟು ಕಷ್ಟ ಆಗ್ಲಿಕ್ಕಿಲ್ಲ.