ರ‍್ಯಾಂಕ್ ಪಟ್ಟಿಗೆ ಸಿಗದ ಉರ್ದು ಶಾಲೆ

ನೀಟ್ ಫಲಿತಾಂಶ ಬಂತೆಂದರೆ ಪತ್ರಿಕೆಗಳಿಗೆ ಬೀದರ್ ನೆನಪಾಗುತ್ತದೆ. ಮದರಸಾದ ಹುಡುಗನಿಗೆ ಮೆಡಿಕಲ್ ಸೀಟು, ಬಾಯಿಗೆ ಪೇಡ ಇಡುವ ಫೋಟೊ. ಸುದ್ದಿ ಸುಳ್ಳಲ್ಲ, ಆದರೆ ಜಿಲ್ಲೆಯ ಮುಸ್ಲಿಂ ಮಕ್ಕಳ ಓದಿನ ಕಥೆಯನ್ನು ಅಲ್ಲಿಗೇ ಮುಗಿಸುವುದು ಈಗಿನ ರೂಢಿ. ಬೀದರಿನ ಕೊಳಾರ ಕೈಗಾರಿಕಾ ಪ್ರದೇಶದಲ್ಲಿ ದುಡಿಯುವವರ ಮಕ್ಕಳು, ಔರಾದಿನ ಗಡಿಹಳ್ಳಿಯ ಮಕ್ಕಳು ಆ ಫೋಟೊದಲ್ಲಿಲ್ಲ.

ಹಳೆಯದನ್ನು ಬೇಗ ದಾಟಬಹುದು. ಬಹಮನಿ ಮಂತ್ರಿ ಮಹಮೂದ್ ಗವಾನ್ ಬೀದರಿನಲ್ಲಿ 1472ರಲ್ಲಿ ಕಟ್ಟಿಸಿದ ಮದರಸಾದ ಒಂದು ಭಾಗ 1696ರ ಸ್ಫೋಟದಲ್ಲಿ ಕುಸಿಯಿತು. ಇಂದಿನ ತರಗತಿಯ ಬೇರು ಇರುವುದು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ವೈದ್ಯಕೀಯವನ್ನೂ ಉರ್ದುವಿನಲ್ಲೇ ಕಲಿಸಿತು. ಅದೇ ಸಂಸ್ಥಾನದ ಭಾಲ್ಕಿಯಲ್ಲಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಬೇಕಾಯಿತು. 1948ರ ಪೊಲೀಸ್ ಕಾರ್ಯಾಚರಣೆ, 1956ರ ಏಕೀಕರಣ: ಎಂಟೇ ವರ್ಷಗಳಲ್ಲಿ ತಕ್ಕಡಿ ಮಗುಚಿತು. ಪಟ್ಟದ್ದೇವರ ಫಲಕವನ್ನು ನಾಡು ಹೆಮ್ಮೆಯಿಂದ ನೆನೆಯುತ್ತದೆ, ನೆನೆಯಲೂ ಬೇಕು. ಆಮೇಲೆ ಕನ್ನಡದ ಆಡಳಿತಕ್ಕೆ ಹೊಂದಿಕೊಳ್ಳಬೇಕಾದ ಉರ್ದು ಶಾಲೆಯ ಮಕ್ಕಳ ಬಗ್ಗೆ ಕನ್ನಡದಲ್ಲಿ ಬರೆದವರು ವಿರಳ.

1989ರಲ್ಲಿ ಅಬ್ದುಲ್ ಖದೀರ್ ಬೀದರಿನಲ್ಲಿ ಶಾಹೀನ್ ಶಾಲೆ ಆರಂಭಿಸಿದ್ದು ಬೆರಳೆಣಿಕೆಯ ಮಕ್ಕಳೊಂದಿಗೆ. ಇಂದು ಅಲ್ಲಿ ಎಲ್ಲ ಧರ್ಮದವರೂ ಓದುತ್ತಾರೆ. ನೀಟ್ ಕೋಚಿಂಗನ್ನು ಯಾರು ಬೇಕಾದರೂ ಕೊಡಬಲ್ಲರು. ಶಾಹೀನಿನ ಹೊಸತನವಿರುವುದು ಹಾಫಿಜ್‌ಗಳಿಗಾಗಿ ರೂಪಿಸಿದ ತರಗತಿಯಲ್ಲಿ. ಖುರಾನ್ ಪೂರ್ತಿ ಕಂಠಪಾಠ ಮಾಡಿ, ಶಾಲೆಯ ಮೆಟ್ಟಿಲನ್ನೇ ಹತ್ತದ ಹುಡುಗ ಇಲ್ಲಿ ಕೂಡುವ ಕಳೆಯುವ ಲೆಕ್ಕದಿಂದ, ಇಂಗ್ಲಿಷಿನ ಅಕ್ಷರದಿಂದ ಶುರುಮಾಡುತ್ತಾನೆ. ಹತ್ತನೆಯ ತರಗತಿಯ ಪರೀಕ್ಷೆ ಕಟ್ಟುತ್ತಾನೆ, ಪಿಯು ವಿಜ್ಞಾನಕ್ಕೆ ಬರುತ್ತಾನೆ. ವರ್ಷಗಟ್ಟಲೆ ದಿನವೂ ಸಬಖ್, ಅಂದರೆ ಆ ದಿನದ ಬಾಯಿಪಾಠ, ಒಪ್ಪಿಸಿದವನಿಗೆ ನೆನಪಿನ ಶಕ್ತಿ ಹೇಗೂ ಪಳಗಿರುತ್ತದೆ. ತೊಡಕಾಗುವುದು ಪ್ರಶ್ನೆಪತ್ರಿಕೆಯ ಭಾಷೆ.

ಇದೇ ಶಾಲೆಯ ಮಕ್ಕಳು 2020ರ ಜನವರಿಯಲ್ಲಿ ಪೌರತ್ವ ಕಾಯ್ದೆಯ ಬಗ್ಗೆ ನಾಟಕ ಆಡಿದರು. ದೇಶದ್ರೋಹದ ಪ್ರಕರಣ ದಾಖಲಾಯಿತು. ಮುಖ್ಯಶಿಕ್ಷಕಿಯೂ ಒಬ್ಬ ವಿದ್ಯಾರ್ಥಿನಿಯ ತಾಯಿಯೂ ಜೈಲು ಸೇರಿದರು. ಪೊಲೀಸರು ಮತ್ತೆ ಮತ್ತೆ ಶಾಲೆಗೆ ಬಂದು ಮಕ್ಕಳನ್ನು ಪ್ರಶ್ನಿಸಿದರು. ಸಮವಸ್ತ್ರದಲ್ಲಿ, ಆಯುಧ ಹಿಡಿದು ಮಕ್ಕಳ ವಿಚಾರಣೆ ನಡೆಸಿದ್ದು ಮೇಲ್ನೋಟಕ್ಕೆ ಕಾನೂನಿನ ಉಲ್ಲಂಘನೆ ಎಂದು 2021ರಲ್ಲಿ ಹೈಕೋರ್ಟ್ ಹೇಳಿತು. 2023ರ ಜೂನ್‌ನಲ್ಲಿ ಕಲಬುರಗಿ ಪೀಠ ಪ್ರಕರಣವನ್ನೇ ರದ್ದುಮಾಡಿತು. ಜತೆಗೆ, ಮಕ್ಕಳಿಗೆ ಸರ್ಕಾರದ ನೀತಿಯನ್ನು ಟೀಕಿಸಲು ಕಲಿಸಬಾರದೆಂಬ ಬುದ್ಧಿಮಾತನ್ನೂ ಸೇರಿಸಿತು. ಪೌರನೀತಿಯ ಪಾಠ ಎಲ್ಲಿ ಶುರುವಾಗಬೇಕು ಎಂಬ ಪ್ರಶ್ನೆ ಮಾತ್ರ ಹಾಗೇ ಉಳಿಯಿತು.

ಹಿಜಾಬ್ ವಿವಾದದ 2022, ಸುಪ್ರೀಂ ಕೋರ್ಟಿನ ಭಿನ್ನ ತೀರ್ಪು: ಇದರ ಬಗ್ಗೆ ಕಪಾಟು ತುಂಬುವಷ್ಟು ಬರವಣಿಗೆ ಬಂದಿದೆ. ಅದೇ ವರ್ಷ ಕೇಂದ್ರ ಸರ್ಕಾರ ಒಂದರಿಂದ ಎಂಟನೆಯ ತರಗತಿಯವರೆಗಿನ ಅಲ್ಪಸಂಖ್ಯಾತ ಮಕ್ಕಳ ವಿದ್ಯಾರ್ಥಿವೇತನ ನಿಲ್ಲಿಸಿದ್ದಕ್ಕೆ ಅದರ ಮೂಲೆಯಷ್ಟೂ ಜಾಗ ಸಿಗಲಿಲ್ಲ.

ಈ ಮಕ್ಕಳ ಓದಿನ ಬಗೆಗಿನ ಮಾತು ಹೆಚ್ಚಾಗಿ ಕಾಲೇಜಿನಿಂದ ಹಿಂದಕ್ಕೆ ನೋಡುತ್ತದೆ. ಒಂದನೆಯ ತರಗತಿಯಿಂದ ಮುಂದಕ್ಕೆ ನೋಡುವವರು ಬೇಕು. ನೀಟ್ ಪ್ರಶ್ನೆಪತ್ರಿಕೆ 2017ರಿಂದ ಕನ್ನಡದಲ್ಲೂ 2018ರಿಂದ ಉರ್ದುವಿನಲ್ಲೂ ಬಂತು, ಆದರೆ ಪಿಯು ವಿಜ್ಞಾನ ನಡೆಯುವುದು ಇಂಗ್ಲಿಷಿನಲ್ಲಿ. ಔರಾದಿನ ಉರ್ದು ಶಾಲೆಯ ಮಗುವಿಗೆ ಮನೆಯಲ್ಲಿ ದಖನಿ ಉರ್ದು, ಸಂತೆಯಲ್ಲಿ ಮರಾಠಿ. ಆ ಮಗುವಿಗೆ ಮನೆಮಾತಲ್ಲದ ಕನ್ನಡವನ್ನು ದಖನಿಯ ಮೂಲಕ ಕಲಿಸಬಲ್ಲ ಮಾಸ್ತರನ್ನು ತಯಾರು ಮಾಡುವುದು ಯಾರ ಕೆಲಸ, ಯಾವ ತರಬೇತಿಯ ಭಾಗ ಎಂಬುದರ ಚರ್ಚೆ ಬೀದರಿನಲ್ಲೂ ಬೆಂಗಳೂರಿನಲ್ಲೂ ಇನ್ನೂ ಆರಂಭವಾಗಬೇಕಿದೆ.