ಬಿಲ್ಲಿನ ಹಿಂದಿನ ಷೇರು: ಹುಕ್ಕೇರಿಯ ವಿದ್ಯುತ್ ಸಹಕಾರ ಸಂಘ

ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ, ಸೆಸ್ಕ್. ಕರ್ನಾಟಕದ ಬಹುಪಾಲು ಮನೆಗಳ ಕರೆಂಟ್ ಬಿಲ್ಲಿನ ನೆತ್ತಿಯ ಮೇಲೆ ಈ ಐದರಲ್ಲಿ ಒಂದು ಹೆಸರು ಇದ್ದೇ ಇರುತ್ತದೆ. ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲ್ಲೂಕಿನ ಮನೆಗಳಿಗೆ ಹೋಗುವ ಬಿಲ್ಲು ಮಾತ್ರ ಬೇರೆ. ಅಲ್ಲಿ ಕಂಬ, ತಂತಿ, ಟಿ.ಸಿ. ಎಲ್ಲ ಒಂದು ಸಹಕಾರ ಸಂಘದವು. ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಹುಟ್ಟಿದ್ದು 1969ರಲ್ಲಿ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ದರ ನಿಗದಿ ಮಾಡುವಾಗ ಐದು ಸರ್ಕಾರಿ ಕಂಪನಿಗಳ ಜೊತೆಗೆ ಈ ಸಂಘದ ಲೆಕ್ಕವನ್ನೂ ನೋಡುತ್ತದೆ. ಹಳ್ಳಿಗಾಡಿಗೆ ಕರೆಂಟು ಹಂಚುವ ಸಹಕಾರ ಸಂಘ ರಾಜ್ಯದಲ್ಲಿ ಇದೊಂದೇ.

ನಾನಿರುವ ಕಾನಹೊಸಹಳ್ಳಿ ಕೂಡ್ಲಿಗಿ ತಾಲ್ಲೂಕಿನದು. ನಮಗೆ ಬೆಳಕು ಬರುವುದು ಜೆಸ್ಕಾಂನಿಂದ. ಇಲ್ಲಿ ಮನೆಗೊಂದು ಆರ್.ಆರ್. ನಂಬರು ಇರುತ್ತದೆ, ಆ ನಂಬರಿನ ಮೂಲಕ ನಾವು ಗ್ರಾಹಕರು. ಹುಕ್ಕೇರಿಯಲ್ಲಿ ಆರ್.ಆರ್. ನಂಬರಿನ ಜೊತೆಗೆ ಇನ್ನೊಂದು ಕಾಗದವೂ ಇರಬಹುದು: ಷೇರು ಪತ್ರ. ಅದರ ಮೂಲಕ ಮನೆಯವರು ಆ ತಂತಿಗೆ ಒಡೆಯರು. ಸಹಕಾರ ಸಂಘಗಳ ಇತಿಹಾಸವನ್ನು ಓದುವವನಾಗಿ ನನಗೆ ಕುತೂಹಲ ಹುಟ್ಟಿಸಿದ್ದು ಈ ಎರಡು ಕಾಗದಗಳ ನಡುವಿನ ಸಂಬಂಧ. ಒಂದು ನಮ್ಮನ್ನು ಬಾಕಿದಾರರನ್ನಾಗಿ ಕಾಣುತ್ತದೆ, ಇನ್ನೊಂದು ಮತದಾರರನ್ನಾಗಿ. ಎರಡೂ ಒಂದೇ ಮನೆಯ ಟ್ರಂಕಿನಲ್ಲಿ ಹೇಗೆ ಬಂದವು?

ಅದಕ್ಕೆ ಉತ್ತರ ಹುಡುಕಿದರೆ ದಾರಿ ಅಮೆರಿಕಕ್ಕೆ ಹೋಗುತ್ತದೆ. 1930ರ ದಶಕದ ಮಧ್ಯದಲ್ಲಿ ಅಮೆರಿಕದ ನಗರಗಳು ದೀಪದಲ್ಲಿ ತೊಳಗುತ್ತಿದ್ದಾಗ ಅಲ್ಲಿನ ರೈತರ ಮನೆಗಳಲ್ಲಿ ಕರೆಂಟು ಇದ್ದದ್ದು ಹತ್ತರಲ್ಲಿ ಒಂದಕ್ಕೆ. ಖಾಸಗಿ ಕಂಪನಿಗಳ ಲೆಕ್ಕ ಸರಳವಾಗಿತ್ತು: ಮೈಲಿಗೆ ಎರಡು ಮೂರು ಮನೆ ಇರುವ ಕಡೆ ಕಂಬ ನೆಟ್ಟರೆ ಹಾಕಿದ ದುಡ್ಡು ಹುಟ್ಟುವುದಿಲ್ಲ. 1935ರಲ್ಲಿ ರೂಸ್‌ವೆಲ್ಟ್ ಸರ್ಕಾರ ಗ್ರಾಮೀಣ ವಿದ್ಯುದೀಕರಣಕ್ಕೆ ಒಂದು ಸಂಸ್ಥೆ ಮಾಡಿತು, ಮರುವರ್ಷ ಅದಕ್ಕೊಂದು ಕಾಯ್ದೆ ಬಂತು. ಕಡಿಮೆ ಬಡ್ಡಿಯ ಸಾಲ ಸಿಗುತ್ತದೆ ಎಂದಾಗಲೂ ಕಂಪನಿಗಳು ಹೆಚ್ಚು ಆಸಕ್ತಿ ತೋರಲಿಲ್ಲ. ರೈತರೇ ಸಂಘ ಕಟ್ಟಿಕೊಂಡು ಸಾಲ ತೆಗೆದರು. ಸಣ್ಣದೊಂದು ಪ್ರವೇಶ ಧನ, ಒಬ್ಬ ಸದಸ್ಯನಿಗೆ ಒಂದು ಮತ, ವರ್ಷಕ್ಕೊಂದು ಮಹಾಸಭೆ, ಉಳಿತಾಯವಾದರೆ ಬಳಸಿದ ಕರೆಂಟಿನ ಪ್ರಮಾಣದಲ್ಲಿ ಅದು ಸದಸ್ಯರ ಲೆಕ್ಕಕ್ಕೆ ಜಮೆ. ಅಲ್ಲಿನ ಸಂಘಗಳ ನಿಯಮಾವಳಿಯ ತಿರುಳು ಇಷ್ಟು. ಕಂಪನಿಗೆ ಬೇಡವಾದ ಊರಿನವರೇ ಕಂಪನಿಯಾದರು.

ಸ್ವಾತಂತ್ರ್ಯ ಬಂದಾಗ ಇಡೀ ಭಾರತದಲ್ಲಿ ಕರೆಂಟು ಕಂಡಿದ್ದ ಹಳ್ಳಿಗಳು ಸುಮಾರು 1500. 1965-66 ಮತ್ತು 1966-67ರ ಬರಗಾಲಗಳು ಬಂದಮೇಲೆ ಹಳ್ಳಿಯ ಕರೆಂಟು ಎಂದರೆ ದೀಪಕ್ಕಿಂತ ಮೊದಲು ಪಂಪ್‌ಸೆಟ್ಟು ಎಂದಾಯಿತು. ಬಾವಿಯ ನೀರು ಮೇಲೆ ಬಂದರೆ ಕಾಳು, ಇಲ್ಲವಾದರೆ ಹಡಗಿನಲ್ಲಿ ಬರುವ ಅಮೆರಿಕದ ಗೋಧಿ. ಪಿ.ಎಲ್. 480 ಒಪ್ಪಂದದಡಿ ಬಂದ ಆ ಧಾನ್ಯಕ್ಕೆ ಭಾರತ ರೂಪಾಯಿಯಲ್ಲೇ ಹಣ ಕೊಡುತ್ತಿತ್ತು, ಅದು ಇಲ್ಲೇ ಜಮೆಯಾಗುತ್ತಿತ್ತು. ಗ್ರಾಮೀಣ ಸಾಲ ವ್ಯವಸ್ಥೆಯನ್ನು ಪರಿಶೀಲಿಸಿದ ಬಿ. ವೆಂಕಟಪ್ಪಯ್ಯ ಸಮಿತಿಯ ಸಲಹೆಯಂತೆ 1969ರ ಜುಲೈಯಲ್ಲಿ ಗ್ರಾಮೀಣ ವಿದ್ಯುದೀಕರಣ ನಿಗಮ ಶುರುವಾದಾಗ ಅದರ ಮೂಲ ಬಂಡವಾಳಕ್ಕೆ ಈ ಪಿ.ಎಲ್. 480 ರೂಪಾಯಿಗಳೂ ಬಂದು ಸೇರಿದವು. ಹಸಿದ ವರ್ಷಗಳಲ್ಲಿ ತಿಂದ ಗೋಧಿಯ ಬೆಲೆ ಕಂಬವಾಗಿ ಹೊಲದಲ್ಲಿ ನಿಂತಿತು.

ಅಮೆರಿಕದ ಗ್ರಾಮೀಣ ವಿದ್ಯುತ್ ಸಹಕಾರ ಸಂಘಗಳ ಒಕ್ಕೂಟದ ತಜ್ಞರ ನೆರವಿನಿಂದ ದೇಶದಲ್ಲಿ ಐದು ಕಡೆ ಪ್ರಯೋಗ ಮಾಡುವುದೆಂದು ತೀರ್ಮಾನವಾಯಿತು. ಗುಜರಾತಿನ ಕೊಡಿನಾರ್, ಮಹಾರಾಷ್ಟ್ರದ ಮುಳಾ-ಪ್ರವರಾ, ಆಂಧ್ರದ ಸಿರಿಸಿಲ್ಲ, ಉತ್ತರ ಪ್ರದೇಶದ ಲಖನೌ, ಆಗಿನ ಮೈಸೂರು ರಾಜ್ಯದ ಹುಕ್ಕೇರಿ. 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹರಿಸಿದ್ದ ಹಳೆ ಮೈಸೂರನ್ನು ಬಿಟ್ಟು ಮುಂಬೈ ಪ್ರಾಂತದಲ್ಲಿದ್ದ ಈ ತಾಲ್ಲೂಕಿಗೆ ಪ್ರಯೋಗ ಬಂದುದನ್ನು ನೋಡಿದರೆ ಮೊದಲು ಅಚ್ಚರಿಯಾಗುತ್ತದೆ. ಆದರೆ ಈ ಸೀಮೆಗೆ ಸಹಕಾರ ಹೊಸ ಮಾತಾಗಿರಲಿಲ್ಲ. ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಕೃಷಿ ಪತ್ತಿನ ಸಂಘ ಕಟ್ಟಿದ್ದು 1905ರಲ್ಲಿ. ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರದಲ್ಲಿ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರ್ಖಾನೆ ಇದೆ. ಘಟಪ್ರಭೆ ಮತ್ತು ಹಿರಣ್ಯಕೇಶಿ ನದಿಗಳ ಬಯಲು, ಕಬ್ಬು, ಬಾವಿ. ಷೇರು, ಮಹಾಸಭೆ, ಆಡಳಿತ ಮಂಡಳಿ ಎಂಬ ಪದಗಳನ್ನು ಇಲ್ಲಿನ ರೈತನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಅಪ್ಪಣಗೌಡ ಪಾಟೀಲರಂಥ ಸಹಕಾರಿ ಧುರೀಣರ ಹೆಸರನ್ನು ಆ ಭಾಗದವರು ಇಂದಿಗೂ ಈ ಸಂಸ್ಥೆಗಳ ಜೊತೆ ಸೇರಿಸಿಯೇ ಹೇಳುತ್ತಾರೆ.

ಇನ್ನು ನಿಯಮಗಳಿಗೆ ಬರೋಣ. ಸಾಹಿತ್ಯದ ಓದುಗರಿಗೆ ನಿಯಮಾವಳಿ ಎಂದರೆ ಒಣ ಬರಹ. ಆದರೆ ಒಂದು ಊರು ತನ್ನನ್ನು ಹೇಗೆ ಕಲ್ಪಿಸಿಕೊಂಡಿದೆ ಎಂಬುದು ಅದರ ಉಪವಿಧಿಗಳಲ್ಲಿ ಅಡಗಿರುತ್ತದೆ. ಹುಕ್ಕೇರಿ ಸಂಘದ ತಲೆಯ ಮೇಲೆ ಎರಡು ಕಾಯ್ದೆಗಳಿವೆ: 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ ಮತ್ತು 2003ರ ವಿದ್ಯುಚ್ಛಕ್ತಿ ಕಾಯ್ದೆ. ಎರಡೂ ಮನುಷ್ಯನನ್ನು ನೋಡುವ ರೀತಿ ಬೇರೆ.

ಸಹಕಾರ ಕಾಯ್ದೆಯ ಕಣ್ಣಿಗೆ ಬೀಳುವವನು ಸದಸ್ಯ. ಅವನು ಅರ್ಜಿ ಹಾಕಬೇಕು, ಷೇರು ಹಣ ಕಟ್ಟಬೇಕು, ಮಂಡಳಿ ಅವನನ್ನು ಸೇರಿಸಿಕೊಳ್ಳಬೇಕು. ಒಂದು ಷೇರಿದ್ದರೂ ನೂರು ಷೇರಿದ್ದರೂ ಮತ ಒಂದೇ. ಸುಸ್ತಿದಾರನಿಗೆ ಮತವಿಲ್ಲ. ಇತ್ತೀಚಿನ ತಿದ್ದುಪಡಿಗಳ ಪ್ರಕಾರ ಮಹಾಸಭೆಗಳಿಗೆ ಬಾರದ, ಸಂಘದ ಸೇವೆಯನ್ನು ಕನಿಷ್ಠ ಪ್ರಮಾಣದಲ್ಲೂ ಬಳಸದ ಸದಸ್ಯರ ಮತದಾನದ ಹಕ್ಕಿಗೂ ಕುತ್ತು ಬರಬಹುದು. ಸದಸ್ಯ ತೀರಿಕೊಂಡರೆ ಅವನು ಹೆಸರಿಸಿದ ವಾರಸುದಾರರಿಗೆ ಷೇರು ಹೋಗುತ್ತದೆ. ಸಂಘ ಮುಳುಗಿದರೆ ಪರಿಮಿತ ಹೊಣೆಯ ಸಂಘದ ಸದಸ್ಯ ಕಳೆದುಕೊಳ್ಳುವುದು ತನ್ನ ಷೇರಿನ ಮಟ್ಟಿಗೆ ಮಾತ್ರ.

ವಿದ್ಯುಚ್ಛಕ್ತಿ ಕಾಯ್ದೆಯ ಕಣ್ಣಿಗೆ ಕಾಣುವವರು ಮನೆಯ ಮಾಲೀಕ ಅಥವಾ ಆ ಮನೆಯಲ್ಲಿ ವಾಸವಿರುವವನು. ಅದರ 43ನೇ ಕಲಮಿನ ಪ್ರಕಾರ ಅರ್ಜಿ ಬಂದ ಒಂದು ತಿಂಗಳೊಳಗೆ ಕರೆಂಟು ಕೊಡಬೇಕು. ಹೊಸದಾಗಿ ಲೈನು ಎಳೆಯಬೇಕಾದ ಕಡೆ ಹೆಚ್ಚಿನ ಕಾಲಾವಕಾಶ ಉಂಟು. ಭದ್ರತಾ ಠೇವಣಿ ಕೇಳಬಹುದು. ಬಿಲ್ಲು ಕಟ್ಟದವನ ಲೈನನ್ನು ಕತ್ತರಿಸುವ ಮೊದಲು 56ನೇ ಕಲಮಿನಂತೆ ಪೂರ್ತಿ 15 ದಿನಗಳ ಲಿಖಿತ ನೋಟಿಸು ಕೊಡಬೇಕು. ಬಿಲ್ಲೇ ತಪ್ಪು ಎನ್ನುವವನು ಕೇಳಿದ ಮೊತ್ತವನ್ನೋ ಹಿಂದಿನ ಆರು ತಿಂಗಳ ಸರಾಸರಿಯನ್ನೋ, ಇವುಗಳಲ್ಲಿ ಕಡಿಮೆಯಾದುದನ್ನು ಆಕ್ಷೇಪದೊಂದಿಗೆ ಕಟ್ಟಿದರೆ, ವ್ಯಾಜ್ಯ ತೀರುವವರೆಗೆ ಅವನ ಮನೆ ಕತ್ತಲಾಗಬಾರದು. ದೂರಿಗೆ ಕುಂದುಕೊರತೆ ವೇದಿಕೆ, ಅದರ ಮೇಲೆ ಓಂಬುಡ್ಸ್‌ಮನ್. ಇಲ್ಲೆಲ್ಲೂ ಷೇರಿನ ಮಾತಿಲ್ಲ, ಮತದ ಮಾತಿಲ್ಲ.

ಈ ಎರಡು ಕಾಯ್ದೆಗಳು ಎದುರಾಗುವ ಜಾಗದಲ್ಲಿ ನಿಂತು ಒಂದು ಬಾಡಿಗೆ ಮನೆಯನ್ನು ನೆನೆಯಿರಿ. ಬಿಲ್ಲು ಕಟ್ಟುವವನು ಬಾಡಿಗೆದಾರ. ಆರ್.ಆರ್. ನಂಬರು ಮನೆಯೊಡೆಯನ ಹೆಸರಿನಲ್ಲಿ. ಷೇರು ಇದ್ದರೆ ಒಡೆಯನದೇ ಆಗಿರುವ ಸಾಧ್ಯತೆ ಹೆಚ್ಚು. ಕರೆಂಟು ಬಳಸುವವನೊಬ್ಬ, ದರದ ಬಗ್ಗೆ ಮಹಾಸಭೆಯಲ್ಲಿ ಮಾತಾಡುವವನೊಬ್ಬ. ಕೂಡು ಕುಟುಂಬದಲ್ಲೂ ಹೀಗೆಯೇ. ಹೊಲದ ಪಹಣಿ ಯಾರ ಹೆಸರಿನಲ್ಲಿದೆಯೋ ಐ.ಪಿ. ಸೆಟ್ಟೂ ಅವರ ಹೆಸರಿನಲ್ಲಿ. ಅದು ಸಾಮಾನ್ಯವಾಗಿ ಮನೆಯ ಹಿರಿಯ ಗಂಡಸು. ರಾತ್ರಿ ತ್ರೀ ಫೇಜ್ ಬಂತೆಂದು ಎದ್ದು ನೀರು ಕಟ್ಟುವವರು, ಮಿಕ್ಸರ್ ತಿರುಗುವ ಹೊತ್ತಿಗೆ ಅಡುಗೆ ಹೊಂದಿಸಿಕೊಳ್ಳುವವರು ಬಹುತೇಕ ಬೇರೆಯವರು. ಆಡಳಿತ ಮಂಡಳಿಯಲ್ಲಿ ಮಹಿಳೆಯರಿಗೆ, ಪರಿಶಿಷ್ಟರಿಗೆ ಸ್ಥಾನ ಮೀಸಲಿಟ್ಟಿರುವುದು ನಿಜ. ಆದರೆ ಆ ಬಾಗಿಲು ಮುಟ್ಟಲು ಮೊದಲು ಸದಸ್ಯತ್ವ ಬೇಕು. ಸದಸ್ಯತ್ವಕ್ಕೆ ಹೆಸರು ಬೇಕು. ನಮ್ಮ ಹಳ್ಳಿಗಳಲ್ಲಿ ಯಾರ ಹೆಸರು ಕಾಗದದ ಮೇಲೆ ಬರುತ್ತದೆ ಎಂಬುದು ಯಾವ ಉಪವಿಧಿಗಿಂತಲೂ ಹಳೆಯ ನಿಯಮ.

ಇನ್ನೊಂದು ತೊಡಕು ಕರೆಂಟಿನ ಗುಣದಲ್ಲೇ ಇದೆ. ಪತ್ತಿನ ಸಂಘ ಸರಿಯಿಲ್ಲವೆಂದರೆ ಸದಸ್ಯ ಬ್ಯಾಂಕಿಗೆ ಹೋಗಬಹುದು. ಹಾಲಿನ ಡೇರಿ ಬೇಡವೆಂದರೆ ಖಾಸಗಿಯವನಿಗೆ ಹಾಲು ಹಾಕಬಹುದು. ಕರೆಂಟಿನಲ್ಲಿ ಹಾಗಲ್ಲ; ಒಂದು ಬೀದಿಗೆ ಒಂದೇ ಲೈನು. ಸಂಘದ ಮೇಲೆ ಮುನಿಸಿಕೊಂಡವನು ಷೇರು ವಾಪಸು ಪಡೆದು ಮನೆಗೆ ಬಂದರೂ ಸ್ವಿಚ್ಚು ಒತ್ತಿದಾಗ ಹರಿಯುವುದು ಅದೇ ಸಂಘದ ಕರೆಂಟು. ಸಹಕಾರ ತತ್ವದ ಮೊದಲ ಮಾತೇ ಸ್ವಯಂಪ್ರೇರಿತ ಸದಸ್ಯತ್ವ, ಬೇಕಾದರೆ ಬಾ, ಬೇಡವಾದರೆ ಹೋಗು ಎಂಬುದು. ಹೋಗಲು ದಾರಿಯೇ ಇಲ್ಲದ ಕಡೆ ಸದಸ್ಯನ ಕೈಯಲ್ಲಿ ಉಳಿಯುವುದು ಮಾತು ಮತ್ತು ಮತ ಎರಡೇ. ಆದ್ದರಿಂದ ವಿದ್ಯುತ್ ಸಂಘದ ಮಹಾಸಭೆಗೆ ಬೇರೆ ಸಂಘಗಳ ಮಹಾಸಭೆಗಿಂತ ಹೆಚ್ಚು ತೂಕವಿದೆ ಎಂದು ನಾನು ಭಾವಿಸುತ್ತೇನೆ.

ಆ ಮಾತಿಗೆ ಎಷ್ಟು ಅಧಿಕಾರ ಉಳಿದಿದೆ? ಸಂಘ ತಾನೇ ಕರೆಂಟು ತಯಾರಿಸುವುದಿಲ್ಲ. ಹೊರಗಿನಿಂದ ಸಗಟಾಗಿ ಕೊಂಡು ತನ್ನ ತಂತಿಯಲ್ಲಿ ಚಿಲ್ಲರೆಯಾಗಿ ಹಂಚುತ್ತದೆ. ಕೊಳ್ಳುವ ದರವೂ ಮಾರುವ ದರವೂ ಆಯೋಗದ ಆದೇಶದಲ್ಲಿ ನಿಗದಿಯಾಗುತ್ತವೆ. 2008ರಿಂದ ರಾಜ್ಯದಲ್ಲಿ 10 ಎಚ್‌.ಪಿ.ವರೆಗಿನ ಐ.ಪಿ. ಸೆಟ್ಟುಗಳಿಗೆ ಕರೆಂಟು ಉಚಿತ. ಆ ಹಣ ಸಹಾಯಧನವಾಗಿ ಸರ್ಕಾರದಿಂದ ಬರಬೇಕು. 2023ರಲ್ಲಿ ಗೃಹಜ್ಯೋತಿ ಬಂದಮೇಲೆ ಮನೆಯ ಬಿಲ್ಲಿನಲ್ಲೂ ಸೊನ್ನೆ ಕಾಣತೊಡಗಿತು. ಬಡವರ ಮನೆಗೆ ಇವು ದೊಡ್ಡ ಆಸರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಹಕಾರ ಸಂಘದ ಇತಿಹಾಸದಲ್ಲಿ ಇದೊಂದು ಮೌನ ಪಲ್ಲಟ. ರೈತ ಬಿಲ್ಲು ಕಟ್ಟುವಾಗ ಸಂಘ ರೈತನ ಕಡೆ ನೋಡುತ್ತಿತ್ತು. ಈಗ ಅದು ಬೆಂಗಳೂರಿನ ಕಡೆ ನೋಡಬೇಕು. ಬಿಲ್ಲಿಲ್ಲದವನು ಲೆಕ್ಕ ಕೇಳುವುದನ್ನು ನಿಧಾನಕ್ಕೆ ಮರೆಯುತ್ತಾನೆ. ಒಡೆತನದ ನೆನಪು ಉಳಿಯುವುದು ಹಣ ಕೊಡುವ ಕೈಯಲ್ಲಿ.

ಐದು ಪ್ರಯೋಗಗಳ ಹಾದಿ ಒಂದೇ ಆಗಿ ಉಳಿಯಲಿಲ್ಲ. ಮುಳಾ-ಪ್ರವರಾ ಸಂಘ ರಾಜ್ಯದ ವಿದ್ಯುತ್ ಸಂಸ್ಥೆಗೆ ಕೊಡಬೇಕಾದ ಬಾಕಿಯ ಭಾರ ಹೊತ್ತು 2011ರಲ್ಲಿ ವಿತರಣೆಯ ಹಕ್ಕನ್ನೇ ಕಳೆದುಕೊಂಡಿತು. ನೇಕಾರರ ಊರಾದ ಸಿರಿಸಿಲ್ಲದ ಸಂಘ ತೆಲಂಗಾಣದಲ್ಲಿ ಇಂದಿಗೂ ನಡೆಯುತ್ತಿದೆ. ಇದೇ ಅಮೆರಿಕದ ಮಾದರಿಯನ್ನು 1970ರ ದಶಕದ ಕೊನೆಯಲ್ಲಿ ಕೈಗೆತ್ತಿಕೊಂಡ ಬಾಂಗ್ಲಾದೇಶದಲ್ಲಿ ಇಂದು 80 ಪಲ್ಲಿ ಬಿದ್ಯುತ್ ಸಮಿತಿಗಳಿವೆ. ಹಳ್ಳಿಗಾಡಿನ ಬಹುಪಾಲು ಅವುಗಳ ಕೈಯಲ್ಲಿದೆ. ನಮ್ಮಲ್ಲಿ 2003ರ ಕಾಯ್ದೆಯ 5ನೇ ಕಲಮು ಹಳ್ಳಿಯ ವಿತರಣೆಯನ್ನು ಪಂಚಾಯಿತಿ, ಬಳಕೆದಾರರ ಸಂಘ, ಸಹಕಾರ ಸಂಘಗಳಿಗೆ ವಹಿಸುವ ಮಾತಾಡುತ್ತದೆ. ಕಾಗದದ ಮೇಲೆ ಬಾಗಿಲು ತೆರೆದೇ ಇದೆ. ಕರ್ನಾಟಕದ ಇನ್ನೊಂದು ತಾಲ್ಲೂಕು ಆ ಬಾಗಿಲಿನಿಂದ ಒಳಗೆ ಬಂದಿಲ್ಲ.

ಹುಕ್ಕೇರಿ ಸಂಘ ರಾಜ್ಯದ ಸುದ್ದಿಯಾದದ್ದು 2025ರ ಸೆಪ್ಟೆಂಬರಿನಲ್ಲಿ, ಆಡಳಿತ ಮಂಡಳಿಯ ಚುನಾವಣೆಯಿಂದ. 15 ಸ್ಥಾನಗಳಿಗಾಗಿ ಜಿಲ್ಲೆಯ ಕತ್ತಿ ಮತ್ತು ಜಾರಕಿಹೊಳಿ ಬಣಗಳು ವಿಧಾನಸಭೆ ಚುನಾವಣೆಯನ್ನು ನೆನಪಿಸುವಂತೆ ಎದುರುಬದುರು ನಿಂತವು. ಕತ್ತಿ ಬಣ ಎಲ್ಲ ಸ್ಥಾನಗಳನ್ನೂ ಗೆದ್ದಿತು. ಸಹಕಾರ ಸಂಘ ರಾಜಕೀಯದ ಕಣವಾಯಿತಲ್ಲ ಎಂದು ಮರುಗಿದವರಿದ್ದರು. ಮರುಗುವುದಕ್ಕೆ ಕಾರಣವೂ ಉಂಟು: ಬಣಗಳ ಜಗಳದಲ್ಲಿ ಟಿ.ಸಿ.ಯ ಪ್ರಶ್ನೆ, ಲೈನ್‌ಮ್ಯಾನ್‌ಗಳ ಪ್ರಶ್ನೆ, ವಿದ್ಯುತ್ ಸೋರಿಕೆಯ ಪ್ರಶ್ನೆ ಹಿಂದೆ ಸರಿಯುತ್ತವೆ. ಆದರೂ ನಾನು ಅದನ್ನು ಇನ್ನೊಂದು ಕಡೆಯಿಂದ ನೋಡಲು ಬಯಸುತ್ತೇನೆ. ಉಳಿದ ಐದು ಕಂಪನಿಗಳ ನಿರ್ದೇಶಕರು ಯಾರೆಂದು ಅವುಗಳ ಗ್ರಾಹಕರನ್ನು ಕೇಳಿ ನೋಡಿ. ಕಾನಹೊಸಹಳ್ಳಿಯಲ್ಲಿ ನನ್ನನ್ನೂ ಸೇರಿಸಿ ಒಬ್ಬರಿಗೂ ಬಾಯಿಗೆ ಬರಲಾರದು. ನಾವು ಅವರನ್ನು ಆರಿಸಿದವರಲ್ಲ, ಇಳಿಸಬಲ್ಲವರೂ ಅಲ್ಲ. ಹುಕ್ಕೇರಿಯ ಸದಸ್ಯನ ಮನೆಗೆ ಮಾತ್ರ ನಾಯಕರು ನಡೆದು ಬಂದರು, ಅವನ ಷೇರು ಪತ್ರಕ್ಕಾಗಿ.

ಹಾಗೆ ಬಂದವರನ್ನು ಹೊಸ್ತಿಲಲ್ಲಿ ನಿಲ್ಲಿಸಿ ಕೇಳಬೇಕಾದ ಪ್ರಶ್ನೆಗಳು ನಿಯಮಾವಳಿಯಲ್ಲೇ ಇವೆ. ಸದಸ್ಯರ ಪಟ್ಟಿಯಲ್ಲಿ ಹೆಣ್ಣುಮಕ್ಕಳೆಷ್ಟು? ಬಾಡಿಗೆ ಮನೆಯವರಿಗೆ ದಾರಿ ಯಾವುದು? ತೀರಿಕೊಂಡವರ ಷೇರುಗಳು ವಾರಸುದಾರರಿಗೆ ತಲುಪಿವೆಯೇ? ಸರ್ಕಾರದಿಂದ ಬರಬೇಕಾದ ಸಹಾಯಧನದ ಬಾಕಿ ಎಷ್ಟು? 1969ರಲ್ಲಿ ಆ ಊರಿನವರಿಗೆ ಸಿಕ್ಕಿದ್ದು ಕರೆಂಟಿನ ಜೊತೆಗೆ ಹೀಗೆ ಕೇಳುವ ಹಕ್ಕು. ಕರೆಂಟು ಆಮೇಲೆ ಎಲ್ಲರ ಊರಿಗೂ ಬಂತು. ಕೇಳುವ ಹಕ್ಕು ಮಾತ್ರ ಒಂದು ತಾಲ್ಲೂಕಿನಲ್ಲೇ ಉಳಿದಿದೆ.